ಅತ್ತೆಯ ಇಡ್ಲಿ ಬಟ್ಟೆ

ಒದ್ದೆ ಬಟ್ಟೆಯ ಮೇಲೆ ಇಡ್ಲಿ ಬೇಯುವ ವಾಸನೆ ನಿಮಗೆ ಗೊತ್ತಲ್ಲ? ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದಾಗ ನನ್ನ ಕೈಯಲ್ಲಿ ಪತ್ರಿಕೆ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳು ಮನುಷ್ಯರ ರಕ್ತದಲ್ಲೂ ಸಿಕ್ಕಿವೆಯಂತೆ. ಅದರಿಂದ ಏನೇನು ಕೇಡೋ, ಇನ್ನೂ ಹುಡುಕುತ್ತಿದ್ದಾರಂತೆ. ಓದಿ ಹೆದರಬೇಕಿತ್ತು. ನನಗೆ ಅತ್ತೆಯ ಬಗ್ಗೆ ಹೆಮ್ಮೆ ಉಕ್ಕಿತು.

ಅತ್ತೆ ಆಂಧ್ರದ ಗಡಿಯ ಗೌನಿಪಲ್ಲಿ ಕಡೆಯವರು. ಕೋಪ ಬಂದರೆ ತೆಲುಗು, ಇಲ್ಲದಿದ್ದರೆ ಕನ್ನಡ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಬಂದಾಗ ಮಾಲೂರು ಸ್ಟೇಷನ್ ಎದುರು ಅವರದೊಂದು ಪುಟ್ಟ ಹೋಟೆಲಿತ್ತು. ಬೆಂಗಳೂರಿನ ಟ್ರೈನು ಹಿಡಿಯುವವರು ಅಲ್ಲೇ ಇಡ್ಲಿ ತಿಂದು ಓಡುತ್ತಿದ್ದರು. ಇಡ್ಲಿ ಬಟ್ಟೆ ಒಗೆಯುವ ಭಾಗ್ಯ ಹೊಸ ಸೊಸೆಯದು. ಅಂಟಿದ ಹಿಟ್ಟು ಉಜ್ಜಿ, ಕುದಿಸಿ, ಬಿಸಿಲಿಗೆ ಹರವುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಪಕ್ಕದ ಹೋಟೆಲಿನವರು ಆಗಲೇ ಬಟ್ಟೆ ಬಿಟ್ಟು ಪ್ಲಾಸ್ಟಿಕ್ ಹಾಳೆ ಹಾಕತೊಡಗಿದ್ದರು. ನಾನೂ ತಂದು ತಟ್ಟೆಯ ಅಳತೆಗೆ ಕತ್ತರಿಸಿದೆ. ಅತ್ತೆ ಮುಖ ಗಂಟಿಕ್ಕಿದರೂ ನನ್ನ ಸೊಂಟ ನೋಡಿ ಒಪ್ಪಿದರು. ಇಡ್ಲಿ ನುಣ್ಣಗೆ ಜಾರಿಕೊಂಡು ಬಂತು. ಮಹಾ ಬುದ್ಧಿವಂತೆ ಎಂದು ಬೀಗಿದೆ.

ನಾಲ್ಕನೇ ದಿನ ಮೊದಲ ಒಬ್ಬೆ ಇಡ್ಲಿ ಖರ್ಚಾದ ಮೇಲೆ ಅತ್ತೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಉಗುರಿನಷ್ಟು ಮಾಯ.

"ಅಮ್ಮಾಯಿ, ಈ ಚೂರು ಎಲ್ಲೋಯ್ತು?"

ಪಾತ್ರೆ, ನೀರು, ನೆಲ ಎಲ್ಲ ಹುಡುಕಿದೆವು. ಸಿಗಲಿಲ್ಲ.

"ಹೋಗ್ಲಿ ಬಿಡಿ ಅತ್ತೆ, ಯಾರ್ಗೂ ಗೊತ್ತಾಗಲ್ಲ" ಅಂದೆ.

"ಹೊಟ್ಟೆಗೆ ಗೊತ್ತಾಗಲ್ವಾ?"

ಸೀದಾ ಗಿರಾಕಿಗಳ ಮುಂದೆ ಹೋಗಿ ನಿಂತರು. "ಇಡ್ಲೀಲಿ ಪ್ಲಾಸ್ಟಿಕ್ ಚೂರು ಸೇರ್ಕೊಂಡೈತೆ ಕಣ್ರಪ್ಪಾ. ತಪ್ಪು ನಮ್ದೇ. ಇವತ್ತು ವ್ಯಾಪಾರ ಇಲ್ಲ. ನಾಳೆ ಬಟ್ಟೆ ಇಡ್ಲಿ."

ಹೋಟೆಲು ಮುಚ್ಚಿತು, ನನ್ನಿಂದಲೇ ಮುಚ್ಚಿತು ಎಂದು ನಾನು ಒಳಗೆ ಕೂತು ಅಳತೊಡಗಿದೆ. ಮರುದಿನ ಮೊದಲ ಟ್ರೈನಿನ ಹೊತ್ತಿಗೆ ಒಂದು ನರಪಿಳ್ಳೆಯೂ ಇಲ್ಲ. ಎರಡನೇ ಟ್ರೈನಿಗೆ ಮುಂಚೆ ಇಟ್ಟಿಗೆ ಗೂಡಿನಲ್ಲಿ ಲೆಕ್ಕ ಬರೆಯುವ ರೈಟರು ಬಂದು ಕೂತರು. "ನಾಲ್ಕು ಹಾಕಮ್ಮಾ. ಇದ್ದದ್ದು ಇದ್ದಂಗೆ ಹೇಳೋರ ಕೈಲೇ ತಿಂತೀನಿ." ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ವಾರದೊಳಗೆ ಜನ ಪಕ್ಕದ ಹೋಟೆಲಿನಲ್ಲೂ "ಬಟ್ಟೇದಾ?" ಎಂದು ಕೇಳತೊಡಗಿದರು. ತಿಂಗಳೊಳಗೆ ಪಕ್ಕದವರ ಹಗ್ಗದ ಮೇಲೂ ಇಡ್ಲಿ ಬಟ್ಟೆ ಹಾರಾಡಿತು. ಅತ್ತೆ ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

ಈಗ ಅತ್ತೆಗೆ ಕಣ್ಣು ಮಂಜು. ಪತ್ರಿಕೆ ಹಿಡಿದುಕೊಂಡು ಹೋಗಿ ಹೇಳಿದೆ, "ಅತ್ತೆ, ಅವತ್ತಿನ ಚೂರು ಸಿಕ್ತಂತೆ. ರಕ್ತದಲ್ಲಿ."

"ಹುಡುಕೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದು ಬೊಚ್ಚುಬಾಯಲ್ಲಿ ನಕ್ಕರು. "ಬಟ್ಟೆ ಒಗೆದ್ಯಾ?"

ಒಗೆದೆ. ಸೊಂಟ ಈಗಲೂ ನೋಯುತ್ತದೆ. ಆದರೆ ಇವತ್ತು ಬಟ್ಟೆಯನ್ನು ಬೀದಿಗೆಲ್ಲ ಕಾಣುವ ಹಾಗೆ ಮುಂಬಾಗಿಲ ಹಗ್ಗದ ಮೇಲೆ ಹರವಿದೆ.