ಸಮುದ್ರವಿಲ್ಲದ ಊರಿನಲ್ಲಿ ಹಾಜರಿ

ದಾವಣಗೆರೆಯಲ್ಲಿ ಕೂತು ಲೈಟ್‌ಹೌಸಿನ ಹುಚ್ಚು ಹಚ್ಚಿಕೊಂಡ ಹೆಂಗಸನ್ನು ಜನ ಹೇಗೆ ನೋಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಪಿ.ಜೆ. ಬಡಾವಣೆಯ ನನ್ನ ಜೆರಾಕ್ಸ್ ಅಂಗಡಿಯ ಗೋಡೆ ತುಂಬ ಅವುಗಳದೇ ಫೋಟೊ. "ಇದು ಯಾವ ದೇವಸ್ಥಾನರೀ?" ಎಂದು ಕೇಳಿದವರಿಗೆ ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಈಗ ಬಾಯಿಗೆ ಬಂದ ದೇವರ ಹೆಸರು ಹೇಳಿ ಕಳಿಸುತ್ತೇನೆ. ಒಬ್ಬರು ಕೈಮುಗಿದೂ ಹೋಗಿದ್ದಾರೆ.

ನಮ್ಮದೊಂದು ಗುಂಪಿದೆ. ಕರಾವಳಿಯವರು ಏಳೆಂಟು ಜನ. ಈ ಕಡೆಯಿಂದ ನಾನು, ದೇವರಾಜ ಅರಸು ಬಡಾವಣೆಯ ಜವಳಿ ವ್ಯಾಪಾರಿ ಭಾಯ್, ಮತ್ತು ಗುಂಪು ಕಟ್ಟಿದ ಹರಿಹರದ ದೊಡ್ಡಕ್ಕ. ದೊಡ್ಡಕ್ಕ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಆ ಚಾಳಿ ನಿವೃತ್ತಿಯಾಗಿಲ್ಲ. ವರ್ಷಕ್ಕೊಮ್ಮೆ ಯಾವುದಾದರೂ ಲೈಟ್‌ಹೌಸಿನಲ್ಲಿ ಸೇರುತ್ತೇವೆ. ಹಾಜರಿ ಕೂಗುವುದು ಮಾತ್ರ ತುದಿಯಲ್ಲಿ. ಮೆಟ್ಟಿಲು ಹತ್ತಿ, ಆ ಗಾಳಿಯಲ್ಲಿ ನಿಂತು "ಹಾಜರ್" ಎನ್ನದವರು ಬಂದಂತೆಯೇ ಅಲ್ಲ. ಎರಡು ವರ್ಷ ತಪ್ಪಿದರೆ ಗುಂಪಿನಿಂದ ಹೊರಗೆ. ಇದು ದೊಡ್ಡಕ್ಕನ ಕಾನೂನು. ಅರ್ಧ ಹತ್ತಿ ತಲೆಸುತ್ತು ಎಂದು ಇಳಿದುಬರುತ್ತಿದ್ದ ಸ್ವಂತ ಯಜಮಾನರನ್ನೇ ಹೊರಹಾಕಿದ ಹೆಂಗಸು. ಅವರು ಈಗಲೂ ಜತೆಗೆ ಬಂದು ಕೆಳಗೆ ನಮ್ಮ ಬ್ಯಾಗು ಕಾಯುತ್ತಾರೆ.

ಹೋದ ವರ್ಷ ಕಾಪುವಿನಲ್ಲಿ ದೊಡ್ಡಕ್ಕನ ಮಂಡಿ ಕೈಕೊಟ್ಟಿತು. ಕೆಳಗಿನ ಬಂಡೆಯ ಮೇಲೆ ಕೂತು, ತುದಿಯಲ್ಲಿದ್ದ ನಮಗೆ ಫೋನ್ ಮಾಡಿ ತಮಗೆ ಗೈರುಹಾಜರಿ ಹಾಕಿಸಿದರು. ಆಮೇಲೆ ಮಂಡಿಯ ಆಪರೇಷನ್ ಆಯಿತು. ಮೆಟ್ಟಿಲು ಅಭ್ಯಾಸ ಮಾಡಿ ಎಂದು ಡಾಕ್ಟರು ಎಷ್ಟು ಹೇಳಿದರೂ ಕೇಳದೆ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯ ಮನೆಯಲ್ಲಿ ಕೂತುಬಿಟ್ಟರು. ಈ ವರ್ಷವೂ ತಪ್ಪಿದರೆ ತಾವು ಕಟ್ಟಿದ ಗುಂಪಿನಿಂದ ತಾವೇ ಹೊರಗೆ. ಕಾನೂನು ಸಡಿಲಿಸೋಣವೆಂದು ಒಮ್ಮೆ ಬಾಯಿಬಿಟ್ಟೆ.

"ಕನಿಕರ ತೋರ್ಸಾಕೆ ಬಂದಿಯೇನು? ಹಂಗಾದ್ರೆ ನಮ್ಮನೆಯೋರ್ದು ಏನ್ ತಪ್ಪಿತ್ತು?" ಎಂದು ಫೋನ್ ಕಟ್ ಮಾಡಿದರು.

ಅವರಿಲ್ಲದ ಗುಂಪನ್ನು ನೆನೆಸಿಕೊಂಡರೇ ನನಗೆ ಸಂಕಟವಾಗುತ್ತಿತ್ತು. ಆದ್ದರಿಂದ ಮೋಸ ಮಾಡುವುದೆಂದು ನಿಶ್ಚಯಿಸಿದೆ.

ಈ ಸಲ ಎಲ್ಲರೂ ಸೇರುವುದು ದಾವಣಗೆರೆಯಲ್ಲಿ. ಹಾಜರಿ ಹರಿಹರದಲ್ಲಿ, ದೊಡ್ಡಕ್ಕನ ನಡುಮನೆಯಲ್ಲೇ; ಆ ಮೂರನೇ ಮಹಡಿಯೇ ಈ ವರ್ಷದ ಲೈಟ್‌ಹೌಸು. ಮೊದಲೇ ಮೇಲಿರುವವರು ಹತ್ತುವ ಮಾತೆಲ್ಲಿ? ಭಾಯ್‌ಗೆ ಹೇಳಿದೆ.

"ಎತ್ತರ ಐತೆ, ಕಿಟಕಿಯಾಗೆ ಹೊಳೆ ಕಾಣ್ತೈತೆ. ಲೈಟೊಂದು ಇಲ್ಲ. ನಮ್ಮ ಅಂಗಡಿ ಬೋರ್ಡಿಂದು ಬಿಚ್ಚಿ ತರ್ತೀನಿ ಬಿಡ್ರಿ," ಎಂದರು.

ಕರಾವಳಿಯವರನ್ನು ಒಪ್ಪಿಸುವುದರಲ್ಲಿ ಸಾಕುಸಾಕಾಯಿತು. ಸಮುದ್ರದ ಪಕ್ಕ ಹುಟ್ಟಿದವರಿಗೊಂದು ಜಂಬ, ಅದನ್ನು ತಾವೇ ತೋಡಿದವರಂತೆ. "ದಾವಣಗೆರೆಗಾ? ಅಲ್ಲೆಂತ ಉಂಟು?" ಎಂದರು ಕುಮಟೆಯ ಮಾಸ್ತರರು. ಮಲ್ಪೆಯವರೆಲ್ಲ ಆಗಲೇ ಒಪ್ಪಿದ್ದಾರೆಂದೆ. ಮಲ್ಪೆಯವರಿಗೆ, ಕುಮಟೆಯ ಮಾಸ್ತರರು ಬಸ್ಸಿನ ಸೀಟನ್ನೂ ಹಿಡಿದಾಯಿತೆಂದೆ. ಎರಡೂ ಕಡೆಗೆ ಬೆಣ್ಣೆ ದೋಸೆಯ ಫೋಟೊ ಕಳಿಸಿದೆ. ಸಂಜೆಯೊಳಗೆ ನನ್ನ ಎರಡೂ ಸುಳ್ಳು ನಿಜವಾಗಿದ್ದವು.

ಉಳಿದವರು ದೊಡ್ಡಕ್ಕ. ಅವರ ಯಜಮಾನರು ಅಂಗಡಿಗೆ ಬಂದಿದ್ದಾಗ ಕಿವಿಯೂದಿದೆ: ಆರೋಗ್ಯ ವಿಚಾರಿಸಲು ಬರುತ್ತಾರೆಂದಷ್ಟೇ ಹೇಳಿ, ನಾವು ಬಂದು ಹಾಜರಿ ಕೂಗುವವರೆಗೆ ದೊಡ್ಡಕ್ಕನನ್ನು ಕುರ್ಚಿಯಿಂದ ಏಳಗೊಡಬೇಡಿ. ಅವರು ಬಹಳ ವಿಧೇಯರಾಗಿ ತಲೆಯಾಡಿಸಿದರು. ಆ ವಿಧೇಯತೆಯನ್ನು ನಾನು ಆಗಲೇ ಅನುಮಾನಿಸಬೇಕಿತ್ತು.

ಆ ಭಾನುವಾರ ದೋಸೆ ತಿಂದು ವ್ಯಾನಿನಲ್ಲಿ ಹರಿಹರಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ನನ್ನ ಜಾಣತನವನ್ನೇ ಬಣ್ಣಿಸಿದೆ. ವ್ಯಾನು ನಿಂತಾಗ ನೋಡಿದರೆ, ಕಟ್ಟಡದ ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೋಲು ಹಿಡಿದು, ದೊಡ್ಡಕ್ಕ ಕೂತಿದ್ದಾರೆ. ಪಕ್ಕದಲ್ಲಿ ಯಜಮಾನರು ಆಕಾಶ ನೋಡುತ್ತಿದ್ದಾರೆ.

"ಮೇಲೆ ಕೂಡ್ರಿಸಿ ಹಾಜರಿ ಹಾಕ್ಬೇಕಂತಿದ್ದೆಯಲ್ಲ, ಕಳ್ಳಿ," ಎಂದರು ನನಗೆ. "ಹತ್ತದೆ ಹಾಜರಿ ತಗಳೋಳಾ ನಾನು?"

ಯಜಮಾನರು ಅಂದೇ ಎಲ್ಲ ಒದರಿಬಿಟ್ಟಿದ್ದರು. ಅಂದಿನಿಂದ ದೊಡ್ಡಕ್ಕ ದಿನಾ ಬೆಳಿಗ್ಗೆ ಅವರ ಹೆಗಲು ಹಿಡಿದು ಇಳಿಯುವುದು, ಹತ್ತುವುದು. ಡಾಕ್ಟರ ಮಾತಿಗೆ ಏಳದವರು ನನ್ನ ಮೋಸಕ್ಕೆ ಎದ್ದು ನಿಂತಿದ್ದರು.

ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದರು. ಮೆಟ್ಟಿಲು ಕಿರಿದು, ಹಿಂದೆ ನಾವೆಲ್ಲ ಸಾಲಾಗಿ. ಎರಡನೇ ಮಹಡಿಯಲ್ಲಿ ನಿಂತು ಏದುಸಿರು ಬಿಟ್ಟರು. ಸಾಕು ಎನ್ನಲು ಮಾಸ್ತರರು ಬಾಯಿ ತೆರೆದರು, ಭಾಯ್ ಅವರ ತೋಳು ಚಿವುಟಿದರು. ಮೂರನೇ ಮಹಡಿಯಲ್ಲಿ ದೊಡ್ಡಕ್ಕ ತಮ್ಮ ಮನೆಯ ಬಾಗಿಲ ಕಡೆ ತಿರುಗಲೂ ಇಲ್ಲ. ತಾರಸಿಗೇ ಹೋದರು.

ಮೇಲೆ ಹೊಳೆಯ ಕಡೆಯ ಗಾಳಿ ಬೀಸುತ್ತಿತ್ತು. ಕೋಲೂರಿ ನಿಂತು ಹೆಸರು ಕೂಗಿದರು. ಮೊದಲು ತಮ್ಮದನ್ನೇ ಕೂಗಿ, ತಾವೇ "ಹಾಜರ್" ಎಂದರು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. ಒಬ್ಬೊಬ್ಬರದೇ ಮುಗಿದು ನನ್ನ ಹೆಸರು ಬಂತು. "ಹಾಜರ್" ಎನ್ನಲು ಹೋಗಿ ಕೈಯನ್ನು ಬಾಯಿಗೊತ್ತಿಕೊಂಡೆ. ಬಾಯಿ ತೆರೆದರೆ ಅಳು ಬರುತ್ತಿತ್ತು. ದೊಡ್ಡಕ್ಕ ಇನ್ನೊಮ್ಮೆ ಕೂಗಿ, ನನ್ನ ಮುಖವನ್ನೊಮ್ಮೆ ನೋಡಿ, ಕಾನೂನಿನಂತೆ ನನಗೆ ಗೈರುಹಾಜರಿ ಹಾಕಿದರು.