ಚೀಟಿ ಇಲ್ಲದ ಬೆಣ್ಣೆ

ನಮ್ಮ ಮನೆಯ ಫ್ರಿಜ್‌ನಲ್ಲಿ ಹೆಸರಿನ ಚೀಟಿ ಅಂಟಿಸದ ಡಬ್ಬಿ ಎರಡು ದಿನ ಉಳಿದರೆ ಅದು ಎಲ್ಲರ ಅಡುಗೆಗೆ ಸೇರುತ್ತದೆ. ಈ ನಿಯಮ ಮಾಡಿದವಳು ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಆಮೇಲೆ ಅಮೆರಿಕದ ರಿಚರ್ಡ್‌ಸನ್ ಊರಿಗೆ ಬಂದವಳು. ಮೇಲಿನ ಕೋಣೆಯನ್ನು ಧಾರವಾಡದ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಕೊಟ್ಟಿದ್ದೆ. ಶನಿವಾರ ಮಧ್ಯಾಹ್ನ ಸುತ್ತಮುತ್ತಲ ಮನೆಗಳ ಎಂಟು ಮಕ್ಕಳು ಲೆಕ್ಕ ಕಲಿಯಲು ಬರುತ್ತಿದ್ದರು.

ಇಲ್ಲಿ ತಾರೀಖು ಬರೆಯುವಾಗ ತಿಂಗಳು ಮೊದಲು. ಹಾಗಾಗಿ ಮಾರ್ಚ್ ಹದಿನಾಲ್ಕು ಎಂದರೆ ಮೂರು, ಒಂದು, ನಾಲ್ಕು. ವೃತ್ತದ ಪೈ ಸಂಖ್ಯೆಯ ಮೊದಲ ಅಂಕಿಗಳು; ಅದಕ್ಕೇ ಇಲ್ಲಿ ಅದು ಪೈ ದಿನ. ಮುಂದಿನ ಅಂಕಿಗಳ ಲೆಕ್ಕದಲ್ಲಿ, ಮಧ್ಯಾಹ್ನ ಸರಿಯಾಗಿ ಒಂದು ಐವತ್ತೊಂಬತ್ತಕ್ಕೆ, ನನ್ನ ಶನಿವಾರದ ತರಗತಿಯಲ್ಲಿ ಪ್ರತಿ ವರ್ಷ ಆ ವಾರ ಸೇಬಿನ ಪೈ ಎಂಬ ದುಂಡನೆಯ ಸಿಹಿ ತಿನಿಸನ್ನು ಕತ್ತರಿಸುತ್ತಿದ್ದೆವು. ಈ ವರ್ಷ ಆ ದಿನ ಶನಿವಾರವೇ ಬಿತ್ತು.

ಬೆಳಿಗ್ಗೆ ಹಿಟ್ಟು ಕಲೆಸುವಾಗ ಬೆಣ್ಣೆ ಸಾಲಲಿಲ್ಲ. ಫ್ರಿಜ್‌ನ ಮೂಲೆಯಲ್ಲಿ ಗಾಜಿನ ಡಬ್ಬಿಯೊಂದರಲ್ಲಿ ಬೆಣ್ಣೆ ಇತ್ತು, ತಿಳಿಹಸಿರು ಬಣ್ಣದ್ದು. ಚೀಟಿ ಇರಲಿಲ್ಲ. ನಮ್ಮಲ್ಲಿ ತುಪ್ಪ ಕಾಯಿಸುವಾಗ ಕೊನೆಗೆ ನುಗ್ಗೆಸೊಪ್ಪು ಹಾಕುವುದುಂಟು. ಹುಡುಗಿ ತನ್ನ ಊರಿನ ರೀತಿಯಲ್ಲಿ ಏನೋ ಮಾಡಿಟ್ಟಿದ್ದಾಳೆ ಎಂದುಕೊಂಡೆ. ಮಾಡುವಾಗ ರುಚಿ ನೋಡಿ ಎಂಜಲು ಮಾಡುವ ಅಭ್ಯಾಸ ನನಗಿಲ್ಲ. ಅಷ್ಟನ್ನೂ ಸುರಿದೆ.

ಲಿಯಾಂಡರ್ ಊರಿನಲ್ಲಿರುವ ತನ್ನ ಮಗಳ ಮನೆಯಿಂದ ನನ್ನ ಅಕ್ಕ ಬಂದು ಹತ್ತು ದಿನವಾಗಿತ್ತು. ಎಪ್ಪತ್ತೆಂಟು ವಯಸ್ಸು. ದುರ್ಬಲ ಹೃದಯ, ಹೊತ್ತು ಹೊತ್ತಿಗೆ ಮಾತ್ರೆ.

"ಲೇ, ನಿನ್ನ ಮಕ್ಕಳು ಬರೋವರೆಗೂ ನಾನು ಉಪವಾಸ ಇರ್ಬೇಕಾ?"

"ನಿಂಗೆ ಬೇರೆ ಬಟ್ಟಲಲ್ಲಿ ಚಿಕ್ಕದು ಮಾಡಿದೀನಿ. ಹನ್ನೆರಡಕ್ಕೆ ತಿಂದು ಮಾತ್ರೆ ತಗೋ."

"ಅಪ್ಪಣೆ, ಹೆಡ್‌ಮೇಡಂ. ಸೊಪ್ಪಿನ ಕಮಟು ಹೊಡೀತಿದೆ ಕಣೆ ಇದು," ಎಂದು ಅಕ್ಕ ಬಟ್ಟಲು ಖಾಲಿ ಮಾಡಿದಳು.

ಒಂದೂ ಕಾಲಿಗೆ ಅವಳು ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಗೋಡೆ ಹತ್ರ ಬರ್ತಾ ಇದೆ. ನಿಲ್ಸೇ ಅದನ್ನ." ಕೈ ತಣ್ಣಗಿತ್ತು. ನಾಡಿ ಎಣಿಸಲು ಆಗದಷ್ಟು ವೇಗ. ಪಾರ್ಶ್ವವಾಯು ಇರಬಹುದೆಂದು ಎರಡೂ ಕೈ ಎತ್ತಿಸಿದೆ. ಎತ್ತಿದಳು, ಇಳಿಸುವುದನ್ನು ಮರೆತಳು. ಐದು ನಿಮಿಷಕ್ಕೆ ಹುಡುಗಿ ಹೊರಗಿನಿಂದ ಬಂದಳು. ಅಕ್ಕನನ್ನು ನೋಡಿದಳು, ಸಿಂಕಿನ ಪಕ್ಕ ತೊಳೆದು ಮಗುಚಿಟ್ಟ ಡಬ್ಬಿಯನ್ನು ನೋಡಿದಳು.

"ಆಂಟಿ, ಅದರಾಗಿನ ಬೆಣ್ಣಿ ಎಲ್ಲೈತ್ರಿ?"

"ಪೈಗೆ ಹಾಕ್ದೆ. ಚೀಟಿ ಇರ್ಲಿಲ್ಲ."

"ಅದರಾಗ ಗಾಂಜಾ ಇತ್ರಿ." ಮುಖ ಬಿಳಚಿಕೊಂಡಿತ್ತು. "ಇವತ್ತ ಸಂಜೀಕ ಗೆಳತ್ಯಾರೆಲ್ಲ ಸೇರಿ ಪೈ ದಿನಕ್ಕ ಕೇಕ್ ಮಾಡಾವ್ರಿದ್ವಿ. ಚೀಟಿ ಮ್ಯಾಲೆ ಏನಂತ ಬರೀಲ್ರಿ ನಾ?"

ಅವಳು ಆಂಬುಲೆನ್ಸ್ ಕರೆಯಲು ಫೋನ್ ತೆಗೆದಳು. ನಾನು ತರಗತಿಯಲ್ಲಿ ಮಾಡುತ್ತಿದ್ದಂತೆ ಅದನ್ನು ಕೈಯಿಂದ ಕಿತ್ತುಕೊಂಡೆ.

"ತಡಿ. ಈ ರಾಜ್ಯದಲ್ಲಿ ಇದು ಅಪರಾಧ. ನಿನ್ನ ವೀಸಾ ಹೋಗುತ್ತೆ."

"ಹೋದ್ರ ಹೋಗ್ಲಿ ಬಿಡ್ರಿ! ಅಜ್ಜಿ ಹೋದ್ರ ಏನ್ ಮಾಡ್ತೀರಿ?"

ವೀಸಾದ ಮಾತು ನೆಪ. ನನ್ನ ಕಣ್ಣ ಮುಂದಿದ್ದದ್ದು ಬೇರೆ ಚಿತ್ರ: ಎಂಟು ಮಕ್ಕಳ ಅಪ್ಪ-ಅಮ್ಮಂದಿರು ಕಾರು ನಿಲ್ಲಿಸುತ್ತಿದ್ದಾರೆ, ಬಾಗಿಲಲ್ಲಿ ಆಂಬುಲೆನ್ಸ್, ಲೆಕ್ಕದ ಮೇಡಂ ಅಡುಗೆಮನೆಯಲ್ಲಿ ಗಾಂಜಾ. ಮೊದಲು ಅವರನ್ನು ತಡೆಯಬೇಕು ಎಂದು ಕುಳಿತೆ. ನನಗೆ ಜ್ವರ, ಇವತ್ತು ತರಗತಿ ಇಲ್ಲ ಎಂದು ಒಂದೊಂದು ಮನೆಗೂ ಬೇರೆ ಬೇರೆಯಾಗಿ ಮೆಸೇಜ್ ಬರೆದೆ, ಮಕ್ಕಳ ಹೆಸರು ಹಾಕಿ, ತಪ್ಪು ತಿದ್ದಿ. ಹುಡುಗಿ ಅಕ್ಕನ ಕಾಲ ಬಳಿ ಕುಳಿತು ಅಂಗೈ ತಿಕ್ಕುತ್ತ ಅಳುತ್ತಿದ್ದಳು. "ಆಂಟಿ, ಫೋನ್ ಕೊಡ್ರಿ. ಕೈ ಮುಗೀತೀನ್ರಿ." ಏಳನೆಯ ಮೆಸೇಜ್ ಬರೆಯುವಾಗ ಅಕ್ಕ ವಾಂತಿ ಮಾಡಿಕೊಂಡು ಕುರ್ಚಿಯಿಂದ ಜಾರಿದಳು. ನಾನು ಏಳುವಷ್ಟರಲ್ಲಿ ಹುಡುಗಿ ತನ್ನ ಫೋನ್ ಕಸಿದುಕೊಂಡು ಆಂಬುಲೆನ್ಸ್ ಕರೆಯುತ್ತಿದ್ದಳು. ಅವಳು ಬಾಗಿಲಿಗೆ ಬಂದಾಗಿನಿಂದ ಹನ್ನೊಂದು ನಿಮಿಷ ಆಗಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ ಯಾವಾಗ ಶುರುವಾಯಿತು ಎಂದು ಕೇಳಿದಾಗ ನಾನು ಒಂದೂವರೆ ಎಂದೆ. ಜೀವಮಾನದಲ್ಲಿ ಯಾರಿಗೂ ತಪ್ಪು ಸಮಯ ಹೇಳಿದವಳಲ್ಲ. ಹುಡುಗಿ ಪಕ್ಕದಿಂದ ತಿದ್ದಿದಳು: ತಾನು ಬಂದದ್ದು ಒಂದು ಇಪ್ಪತ್ತಕ್ಕೆ, ಅದಕ್ಕೂ ಮೊದಲೇ ಶುರುವಾಗಿತ್ತು. ಬೆಣ್ಣೆ ತನ್ನದು, ಅದರಲ್ಲಿ ಗಾಂಜಾ ಎಷ್ಟಿತ್ತು ಎಂಬುದನ್ನೂ ಹೇಳಿದಳು. ವೈದ್ಯೆ ಬರೆದುಕೊಂಡು ಒಳಗೆ ಹೋದರು. ಪೊಲೀಸರು ಬರಲಿಲ್ಲ.

ಅಕ್ಕನ ಹೃದಯದ ಬಡಿತ ಲಯಕ್ಕೆ ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನ ಗಾಜಿನ ಈಚೆ ನಿಂತು ನಾನು ಏನನ್ನೂ ಪ್ರಾರ್ಥಿಸಲಿಲ್ಲ, ಪ್ರಾರ್ಥಿಸಲು ಮುಖವಿರಲಿಲ್ಲ. ಮೂರನೆಯ ದಿನ ಅವಳು ಎದ್ದು ಕುಳಿತಾಗ, ಬೇರೆಯವರಿಂದ ತಿಳಿಯುವುದು ಬೇಡವೆಂದು ಆ ಹನ್ನೊಂದು ನಿಮಿಷದ ವಿಷಯ ನಾನೇ ಹೇಳಿದೆ.

"ನಾನು ಅಲ್ಲಿ ಬಿದ್ದಿರೋವಾಗ ಏನ್ ಬರೀತಿದ್ದೆ?"

"ಕ್ಲಾಸ್ ಇಲ್ಲ ಅಂತ."

ಅಕ್ಕ ಹೊದಿಕೆಯನ್ನು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. "ನನ್ನ ಮಗಳಿಗೆ ಫೋನ್ ಮಾಡು. ಕರ್ಕೊಂಡು ಹೋಗ್ಲಿ."

ಹುಡುಗಿ ಆ ವಾರವೇ ಕೋಣೆ ಖಾಲಿ ಮಾಡಿದಳು. ಹೊರಡುವ ಮೊದಲು ಅಕ್ಕನ ಕಾಲಿಗೆ ಬಿದ್ದು ಬಂದಿದ್ದಳಂತೆ. ನಾನು ದಿನಾ ಸಂಜೆ ಏಳಕ್ಕೆ ಲಿಯಾಂಡರ್‌ಗೆ ಫೋನ್ ಮಾಡುತ್ತೇನೆ. "ಅಮ್ಮ ಮಲಗಿದಾರೆ ಚಿಕ್ಕಮ್ಮ," ಎನ್ನುತ್ತಾಳೆ ಅಕ್ಕನ ಮಗಳು. ಹಿಂದಿನಿಂದ ಅಕ್ಕ ಯಾರೊಂದಿಗೋ ಮಾತಾಡುವುದು ಕೇಳಿಸುತ್ತಿರುತ್ತದೆ.