ಖಾಲಿ ಬೆಂಚಿನ ಮೇಲೆ ಬಾನು ಆಂಟಿ

ನಮ್ಮ ಹಳೆಯ ಹಾಸ್ಟೆಲ್ ಗುಂಪಿನಲ್ಲಿ ಸುಮ್ಮನೆ ಬರೆದು ನಿಮ್ಮ ಸಮಯ ತಿನ್ನುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇವತ್ತು ಹಳೆಯ ಫೋಟೊವೊಂದನ್ನು ಫೋನಿಗೆ ಹಾಕಿದರೆ, ಅದರಲ್ಲಿ ಕೂತಿರುವವರನ್ನು ಅಳಿಸಲೇ ಎಂದು ಫೋನಿನ ಫೋಟೊ ಆ್ಯಪ್ ಕೇಳಿತು.

ಆ ಫೋಟೊ ತೆಗೆದಾಗ ನಾನು ಯಲಹಂಕದ ಹಾಸ್ಟೆಲಿನಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿ. ಯುಗಾದಿಗೆ ಎಲ್ಲರೂ ಊರಿಗೆ ಹೋದರು. ನನ್ನನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಅಪ್ಪನ ಕ್ಯಾಮೆರಾದಲ್ಲಿ, ಗೇಟಿನ ಬಳಿ ಹೂ ತುಂಬಿ ನಿಂತಿದ್ದ ಜಕರಂಡ ಮರದ ಫೋಟೊ ತೆಗೆದೆ.

ಪ್ರಿಂಟ್ ಹಾಕಿಸಲು ಹಾಸ್ಟೆಲಿನ ಹತ್ತಿರದ ಫೋಟೊ ಸ್ಟುಡಿಯೋಗೆ ಹೋದೆ. ಅಲ್ಲಿನ ಬಾನು ಆಂಟಿ ಕಪ್ಪು ಬಿಳುಪು ಪ್ರಿಂಟಿಗೆ ಹತ್ತಿಯಿಂದ ಬಣ್ಣ ತೀಡುತ್ತಿದ್ದರು.

“ಹೂವು ಚೆನ್ನಾಗಿದೆ ಬೇಟಾ. ಕೆಳಗಡೆ ಬೆಂಚ್ ಯಾಕೆ ಖಾಲಿ?”

“ಎಲ್ರೂ ಹೋದ್ರು ಆಂಟಿ. ಇಟ್ಸ್ ಓಕೆ.”

“ಏನ್ ಓಕೆ? ಕನ್ನಡೀಲಿ ಮುಖ ನೋಡ್ಕೋ ಹೋಗು!”

ತಮ್ಮದೇ ಫೋಟೊ ಕತ್ತರಿಸಿ ಬೆಂಚಿನ ಮೇಲೆ ಅಂಟಿಸಿ, ಹೊಸ ಪ್ರಿಂಟ್ ತೆಗೆದು, ಹೂವಿಗೆ ನೇರಳೆ ಬಣ್ಣ ಹಚ್ಚಿ ಕೊಟ್ಟರು. ಅಳತೆ ತಪ್ಪಿ, ಆಂಟಿ ಮರದಷ್ಟೇ ದೊಡ್ಡವರಾಗಿ ಕೂತಿದ್ದರು.

ಫೋನ್ ಕೇಳಿದರೂ ಆಂಟಿಯನ್ನು ಅಳಿಸಲಿಲ್ಲ. ಈ ಯುಗಾದಿಗೂ ನಾನೊಬ್ಬನೇ. ಅವರು ಈಗ ಎಲ್ಲಿದ್ದಾರೆಂದು ಗೊತ್ತಿದ್ದವರು ದಯವಿಟ್ಟು ಬೇಗ ಉತ್ತರಿಸಿ.